ಜಾತಿ ನಾಯಿ ಉಂಟು, ಜಾತಿ ಮನುಷ್ಯ ಇಲ್ಲ

*ಇಂದಿನ ಚಿಂತನೆ*
*ವಿಷಯ: ಮೈತ್ರಿ – ಮನೆಯ ನಾಯಿಯಿಂದ ಹಳೆಯ ಸಹಪಾಠಿಯವರೆಗೆ*

ಧಮ್ಮ ಬಂಧುಗಳೇ,

ಕಳೆದ ಭಾನುವಾರ ವಂದನೆ ಮುಗಿದ ಮೇಲೆ ಎರಡು ಪ್ರಶ್ನೆ ಬಂದವು. ಹಿರಿಯ ಉಪಾಸಿಕೆಯೊಬ್ಬರು, "ಓಣಿ ನಾಯಿಗೆ ದಿನಾ ರೊಟ್ಟಿ ಹಾಕ್ತೇನ್ರೀ ಗುರುಗಳ, ಇದರಾಗ ಧಮ್ಮದ್ದು ಏನರ ಐತೇನು, ಇಲ್ಲಾ ಇದು ಬರೇ ರೂಢಿನೋ?" ಎಂದು ಕೇಳಿದರು. ಇನ್ನೊಬ್ಬ ಮಿತ್ರರು, "ಎಸ್ಸೆಸ್ಸೆಲ್ಸಿ ಗೆಳ್ಯಾರು ಮೂವತ್ತು ವರ್ಷದ ಮ್ಯಾಲೆ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸ್ಯಾರ್ರಿ. ಗುರುವಂದನಾ ಕಾರ್ಯಕ್ರಮ ಇಟ್ಟಾರ. ಹೋಗ್ಲೋ ಬ್ಯಾಡೋ ತಿಳೀವಲ್ದು" ಎಂದರು. ಸಮಯ ಮುಗಿದಿದ್ದರಿಂದ ಉತ್ತರವನ್ನು ಬರೆದು ಕಳಿಸುತ್ತೇನೆ ಎಂದಿದ್ದೆ.

ಎರಡೂ ಬೇರೆ ಬೇರೆ ಪ್ರಶ್ನೆಗಳಂತೆ ಕಾಣುತ್ತವೆ. ಆದರೆ ಮುಧೋಳದವರಾದ ನಮಗೆ ಇವೆರಡೂ ಒಂದೇ ಹೊಸ್ತಿಲಿಗೆ ಬಂದು ನಿಲ್ಲುತ್ತವೆ. ಯಾರು ಒಳಗೆ ಬರಬಹುದು, ಯಾರು ಹೊರಗೆ ನಿಲ್ಲಬೇಕು ಎಂಬುದೇ ಆ ಹೊಸ್ತಿಲು. ಆದ್ದರಿಂದ ಎರಡನ್ನೂ ಕೂಡಿಸಿ ಇಂದಿನ ಪಾಠ ಮಾಡಿದ್ದೇನೆ. ಸ್ವಲ್ಪ ಉದ್ದವಿದೆ, ಬಿಡುವು ಮಾಡಿಕೊಂಡು ಓದಿರಿ.

*1. ನಮ್ಮ ಊರಿನ ಹೆಸರು ಹೊತ್ತ ನಾಯಿ*

ಹೊರಗಿನ ಊರಿಗೆ ಹೋಗಿ "ನಮ್ಮದು ಮುಧೋಳ" ಅಂದರೆ ಸಾಕು, "ನಾಯಿ ಊರಾ?" ಎಂದು ಕೇಳುತ್ತಾರೆ. ಕನ್ನಡ ಓದಿದವರಾದರೆ "ರನ್ನನ ಊರಾ?" ಎನ್ನುತ್ತಾರೆ. ಎರಡೂ ನಿಜ. ಉದ್ದ ಮೂತಿ, ತೆಳು ನಡು, ನೀಳ ಕಾಲು, ದೂರದ್ದನ್ನು ಕಂಡು ಹಿಡಿಯುವ ಕಣ್ಣು, ಗಾಳಿಯಂತೆ ಓಟ: ಇದು ಮುಧೋಳ ನಾಯಿ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದು ಜೋಡಿಯನ್ನು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆ ಕೊಟ್ಟರು. ಅಲ್ಲಿಂದ ಊರಿನ ಹೆಸರೇ ನಾಯಿಗೆ ನಿಂತಿತು ಎಂಬುದು ನಮ್ಮಲ್ಲಿ ಎಲ್ಲರೂ ಹೇಳುವ ಮಾತು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ನಾಲ್ಕು ದೇಸಿ ನಾಯಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳ ನಾಯಿಯೂ ಇತ್ತು. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಇಲ್ಲಿಯ ಮರಿಗಳು ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. ಸುತ್ತಲಿನ ಎಷ್ಟೋ ಮನೆಗಳವರು ಮರಿ ಸಾಕಿ ಮಾರಿ ಮಕ್ಕಳನ್ನು ಓದಿಸಿದ್ದಾರೆ.

ಇದರಲ್ಲಿ ಒಂದು ಮಾತನ್ನು ಗಮನಿಸಬೇಕು. ರಾಜರು ಈ ನಾಯಿಯನ್ನು ಮೊದಲು ಕಂಡದ್ದು ಅರಮನೆಯಲ್ಲಲ್ಲ. ಅದು ಸುತ್ತಲಿನ ಗುಡ್ಡಗಾಡಿನಲ್ಲಿ ಬೇಟೆಯಾಡುತ್ತಿದ್ದ ಜನರ ಕೈಯಲ್ಲಿತ್ತು. ತಾವೇ ಅರೆಹೊಟ್ಟೆಯಲ್ಲಿದ್ದು, ಜೋಳದ ನುಚ್ಚು ಹಂಚಿಕೊಂಡು ತಲೆಮಾರುಗಟ್ಟಲೆ ಅದನ್ನು ಸಾಕಿ ಉಳಿಸಿದವರು ಅವರು. ನಮ್ಮ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಆಯುಧ ಕೊಡುವುದಿಲ್ಲ ಎಂದು ಬ್ರಿಟಿಷರಿಗೆ ತಿರುಗಿ ನಿಂತರು. ಊರು ಸುಟ್ಟರು, ಹಿಡಿದವರನ್ನು ಗಲ್ಲಿಗೆ ಹಾಕಿದರು. ಲಾವಣಿಯ ಹಾಡಿನಿಂದಾಗಿ ಅವರ ಹೆಸರಾದರೂ ಉಳಿಯಿತು. ಆದರೆ ನಾಯಿ ಸಾಕಿದ ಕೈಗಳ ಹೆಸರು ಯಾವ ಫಲಕದಲ್ಲೂ ಇಲ್ಲ. ಕಾಣಿಕೆ ಕೊಟ್ಟವರ ಹೆಸರಿದೆ, ಪಡೆದವರ ಹೆಸರಿದೆ. ದುಡಿದವರ ಹೆಸರು ಹೀಗೆ ಅಳಿಸಿಹೋಗುವುದನ್ನು ನಾವು ಬೇರೆ ಕಡೆಯೂ ನೋಡಿದ್ದೇವೆ. ಮಕ್ಕಳಿಗೆ ಮುಧೋಳ ನಾಯಿಯ ಕಥೆ ಹೇಳುವಾಗ ಇದನ್ನೂ ಸೇರಿಸಿ ಹೇಳಿರಿ.

*2. ನಾಯಿ ಮತ್ತು ನಾವು*

ಉಪಾಸಿಕೆಯವರ ಪ್ರಶ್ನೆಗೆ ಬರುತ್ತೇನೆ. ನಾಯಿಯ ಮಾತು ಬಂದಾಗ ನಮ್ಮವರಲ್ಲಿ ಹಿರಿಯರು ಕೆಲವರು ಮುಖ ಗಂಟು ಹಾಕುತ್ತಾರೆ. ಅದಕ್ಕೆ ಕಾರಣವಿದೆ. ಮನುಸ್ಮೃತಿಯ ಹತ್ತನೆಯ ಅಧ್ಯಾಯ ಚಂಡಾಲರು ಊರ ಹೊರಗೇ ಇರಬೇಕು, ನಾಯಿ ಕತ್ತೆಗಳೇ ಅವರ ಆಸ್ತಿ ಎಂದು ಕಟ್ಟಳೆ ಮಾಡಿತು. 'ಶ್ವಪಚ' ಎಂಬ ಬೈಗುಳದಲ್ಲೇ ನಾಯಿ ಇದೆ. ಇನ್ನೊಂದು ಕಡೆ ಅದೇ ವ್ಯವಸ್ಥೆ ನಾಯಿಯನ್ನು ನಮಗಿಂತ ಮೇಲೆ ಇಟ್ಟಿತು. ಮಹಾಡದ ಚವದಾರ ಕೆರೆಯಲ್ಲಿ ನಾಯಿ, ಬೆಕ್ಕು, ದನ ನೀರು ಕುಡಿಯಬಹುದಿತ್ತು. ಅಸ್ಪೃಶ್ಯ ಮನುಷ್ಯ ಮುಟ್ಟುವಂತಿರಲಿಲ್ಲ. ಕೆರೆ ಎಲ್ಲರಿಗೂ ತೆರೆದಿದೆ ಎಂದು ಪುರಸಭೆ ಠರಾವು ಮಾಡಿಯೂ ಪ್ರಯೋಜನವಾಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಆ ನೀರು ಕುಡಿದರು. ಆಮೇಲೆ ಮೇಲ್ಜಾತಿಯವರು ಸೆಗಣಿ ಗಂಜಲ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ನಾಯಿ ಕುಡಿದಾಗ ಆಗದ ಮೈಲಿಗೆ ಮನುಷ್ಯ ಕುಡಿದಾಗ ಆಯಿತು. ಅದೇ ವರ್ಷ ಡಿಸೆಂಬರ್ 25ರಂದು ಅದೇ ಮಹಾಡದಲ್ಲಿ ಮನುಸ್ಮೃತಿ ಸುಟ್ಟುಹೋಯಿತು.

ಆದ್ದರಿಂದ 'ನಾಯಿಗಿಂತ ಕಡೆ' ಎಂಬ ಮಾತು ನಮಗೆ ಬರೀ ಗಾದೆಯಲ್ಲ. ಅದು ನಮ್ಮ ಅಜ್ಜ ಅಜ್ಜಿಯರು ಬದುಕಿದ ಕಾನೂನು. ಆದರೂ ವಿಚಾರ ಮಾಡಿ ನೋಡಿರಿ. ಇದರಲ್ಲಿ ನಾಯಿಯ ತಪ್ಪೇನು? ಕಟ್ಟಳೆ ಬರೆದದ್ದು ನಾಯಿಯಲ್ಲ. ಊರು ನಮ್ಮನ್ನು ಮುಟ್ಟದಿದ್ದ ದಿನಗಳಲ್ಲೂ ಕೇರಿಯ ನಾಯಿ ನಮ್ಮ ಕೈಯ ತುತ್ತು ತಿಂದಿತು, ನಮ್ಮ ಗುಡಿಸಲ ಮುಂದೆ ಮಲಗಿತು. ಮುಟ್ಟು ಮೈಲಿಗೆ ಅದಕ್ಕೆ ಗೊತ್ತೇ ಇರಲಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮನುಷ್ಯರೆಲ್ಲ ಸಮಾನರು ಎಂಬುದಿದೆ. ಎಲ್ಲ ಪ್ರಾಣಿಗಳ ಮೇಲೆ ದಯೆಯಿಟ್ಟು ಅವನ್ನು ಕಾಪಾಡುತ್ತೇನೆ ಎಂಬುದೂ ಇದೆ. ಮೊದಲನೆಯದನ್ನು ನಾವು ಬಾಯಿಪಾಠ ಮಾಡಿದ್ದೇವೆ, ಎರಡನೆಯದನ್ನು ಬೇಗ ದಾಟಿಬಿಡುತ್ತೇವೆ. ಓಣಿಯ ನಾಯಿಗೆ ರೊಟ್ಟಿ ಹಾಕುವ ತಾಯಿಯವರು ಎರಡನೆಯದನ್ನು ದಿನವೂ ಪಾಲಿಸುತ್ತಿದ್ದಾರೆ. ತಾಯಿ, ಅದು ಬರೀ ರೂಢಿಯಲ್ಲ, ಅದು ಧಮ್ಮ.

*3. ವಾಸೆಟ್ಠ ಸುತ್ತ ಹೇಳುವುದು*

ನಮ್ಮ ಮಾತಿನಲ್ಲೇ ಒಂದು ವಿಚಿತ್ರವಿದೆ. ಮುಧೋಳ, ರಾಜಪಾಳ್ಯಂ, ಅಲ್ಸೇಷಿಯನ್ ಮುಂತಾದವನ್ನು 'ಜಾತಿ ನಾಯಿ' ಎನ್ನುತ್ತೇವೆ. ಓಣಿಯದನ್ನು 'ಕಂತ್ರಿ ನಾಯಿ' ಎನ್ನುತ್ತೇವೆ. ಮರಿ ಕೊಳ್ಳಲು ಬಂದವರು ಮೊದಲು ಕೇಳುವುದು ಅದರ ತಾಯಿ ಯಾವುದು, ತಂದೆ ಯಾವುದು ಎಂದು. ನಾಯಿಯ ಮಟ್ಟಿಗೆ ಆ ಪ್ರಶ್ನೆಗೆ ಅರ್ಥವಿದೆ. ಓಡುವ ನಾಯಿಗೆ ಓಡುವ ಮರಿ ಹುಟ್ಟುತ್ತದೆ. ಮೂತಿ, ಕಾಲು, ಕಿವಿ ನೋಡಿದರೆ ತಳಿ ತಿಳಿಯುತ್ತದೆ.

ವಾಸೆಟ್ಠ ಮತ್ತು ಭಾರದ್ವಾಜ ಎಂಬ ಇಬ್ಬರು ಬ್ರಾಹ್ಮಣ ತರುಣರು ಇಚ್ಛಾನಂಗಲದಲ್ಲಿ ಭಗವಾನರ ಬಳಿಗೆ ಒಂದು ವಾದ ತಂದರು. ಒಬ್ಬ ಹುಟ್ಟಿನಿಂದ ಶ್ರೇಷ್ಠತೆ ಎಂದ, ಇನ್ನೊಬ್ಬ ನಡತೆಯಿಂದ ಎಂದ. ಭಗವಾನರು ಹುಲ್ಲು ಮರಗಳಿಂದ ಆರಂಭಿಸಿದರು. ಆಮೇಲೆ ಹುಳ, ಇರುವೆ, ನಾಲ್ಕು ಕಾಲಿನ ಪ್ರಾಣಿ, ಹಾವು, ಮೀನು, ಹಕ್ಕಿ ಎಂದು ಒಂದೊಂದನ್ನೇ ತೆಗೆದುಕೊಂಡರು. ಇವುಗಳಲ್ಲಿ ಹುಟ್ಟಿನಿಂದಲೇ ಬಂದ ಬೇರೆ ಬೇರೆ ಗುರುತುಗಳಿವೆ, ಇವುಗಳ ಜಾತಿಗಳು ಹಲವು ಎಂದರು. ಮನುಷ್ಯನ ಹತ್ತಿರ ಬಂದಾಗ ಕೂದಲು, ತಲೆ, ಕಿವಿ, ಕಣ್ಣು, ಬಾಯಿ, ಕೈ, ಕಾಲು ಎಂದು ಒಂದೊಂದೇ ಅಂಗವನ್ನು ಹೆಸರಿಸಿ, ಇಲ್ಲೆಲ್ಲೂ ಅಂಥ ಗುರುತಿಲ್ಲ ಎಂದರು. ಮನುಷ್ಯರಲ್ಲಿ ಇರುವುದು ಬರೀ ಕರೆಯುವ ಹೆಸರಿನ ಭೇದ. ಹೊಲ ಮಾಡುವವನು ರೈತ, ವ್ಯಾಪಾರ ಮಾಡುವವನು ವ್ಯಾಪಾರಿ, ಕದಿಯುವವನು ಕಳ್ಳ. ಮಾಡುವ ಕೆಲಸ ನೋಡಿ ಹೆಸರು ಬಂತು, ಹುಟ್ಟು ನೋಡಿ ಅಲ್ಲ.

ಎರಡೂವರೆ ಸಾವಿರ ವರ್ಷದ ಹಿಂದಿನ ಈ ಮಾತನ್ನು ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ'ದಲ್ಲಿ ವಿಜ್ಞಾನದ ಭಾಷೆಯಲ್ಲಿ ವಾದಿಸಿದರು. ಜಾತಿಯನ್ನು ರಕ್ತಶುದ್ಧಿ ಎಂದು ಸಮರ್ಥಿಸುವವರಿಗೆ ಅವರು ಕೇಳಿದ್ದು ಇಷ್ಟು: ಮನುಷ್ಯರೆಲ್ಲ ಒಂದೇ ಜೀವಪ್ರಭೇದವಾಗಿರುವಾಗ, ಅವರು ಬೆರೆತರೆ ಕೆಡುವುದೇನು? ಅದಕ್ಕೂ 20 ವರ್ಷ ಮೊದಲು, 1916ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಜಾತಿಯ ಬೀಗ ಎಲ್ಲಿದೆ ಎಂದು ಅವರು ತೋರಿಸಿದ್ದರು. ತಮ್ಮೊಳಗೇ ಮದುವೆ ಮಾಡಿಕೊಳ್ಳುವ ಕಟ್ಟುಪಾಡೇ ಆ ಬೀಗ. ನಾಯಿ ಸಾಕುವವನು ತಳಿ ಕಾಯುವುದಕ್ಕೆ ಏನು ಮಾಡುತ್ತಾನೋ ಅದನ್ನೇ ಮನುಷ್ಯರ ಮೇಲೆ ಮಾಡಿದರು. ನಾಯಿಯಲ್ಲಿ ಅದರಿಂದ ಓಟ ಬಂತು. ಮನುಷ್ಯನಲ್ಲಿ ಬಂದದ್ದು ಬೇಲಿ ಮಾತ್ರ.

ನಮ್ಮೂರಿನ ರನ್ನನನ್ನೇ ನೋಡಿರಿ. ಬಳೆಗಾರರ ಮನೆಯ ಮಗ. ಅರಸು ಮನೆತನದವನಲ್ಲ, ವಿದ್ವಾಂಸರ ವಂಶದವನಲ್ಲ. ಗುರುಗಳನ್ನು ಹುಡುಕಿಕೊಂಡು ಹೋಗಿ ಓದಿದ, ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿಕೊಂಡ. ಹತ್ತನೆಯ ಶತಮಾನದ ಆ ಮನುಷ್ಯನಿಗೆ ತಳಿಯ ಚೀಟಿ ಕೇಳಿದ್ದರೆ ಕನ್ನಡಕ್ಕೆ 'ಗದಾಯುದ್ಧ' ಸಿಗುತ್ತಿರಲಿಲ್ಲ.

*4. ಅರಮನೆ ನಾಯಿ, ಸುಡುಗಾಡು ನಾಯಿ*

ಕುಕ್ಕುರ ಜಾತಕದ ಕಥೆ ನಮ್ಮ ಮಕ್ಕಳಿಗೆ ಹೇಳಲೇಬೇಕಾದದ್ದು. ಕಾಶಿಯ ರಾಜ ಒಂದು ದಿನ ರಥದಲ್ಲಿ ತಿರುಗಾಡಿ ಬಂದ. ರಥವನ್ನು ಚರ್ಮದ ಪಟ್ಟಿಗಳ ಸಮೇತ ಅಂಗಳದಲ್ಲೇ ಬಿಟ್ಟರು. ರಾತ್ರಿ ಮಳೆಗೆ ಚರ್ಮ ನೆನೆಯಿತು. ಅರಮನೆಯ ಸಾಕು ನಾಯಿಗಳು ಬಂದು ಅದನ್ನೆಲ್ಲ ಕಡಿದು ತಿಂದವು. ಬೆಳಿಗ್ಗೆ ಆಳುಗಳು, "ಹೊರಗಿನ ನಾಯಿಗಳು ಗಟಾರದ ಕಿಂಡಿಯಿಂದ ನುಗ್ಗಿ ತಿಂದಿವೆ" ಎಂದರು. ಯಾರೂ ನೋಡಿರಲಿಲ್ಲ, ಯಾರೂ ವಿಚಾರಿಸಲಿಲ್ಲ. ಕಂಡಲ್ಲಿ ನಾಯಿಗಳನ್ನು ಕೊಲ್ಲಿರಿ ಎಂದು ರಾಜ ಆಜ್ಞೆ ಮಾಡಿದ. ಅರಮನೆಯ ನಾಯಿಗಳಿಗೆ ಮಾತ್ರ ವಿನಾಯಿತಿ.

ಆಗ ಬೋಧಿಸತ್ತ ಸುಡುಗಾಡಿನ ನಾಯಿಗಳ ಮುಖಂಡನಾಗಿದ್ದ. ಜೀವ ಉಳಿಸಿಕೊಂಡವು ಅವನ ಬಳಿ ಓಡಿಬಂದವು. ಅವನು ಓಡಿಹೋಗಲಿಲ್ಲ. ಕಚ್ಚಲೂ ಹೋಗಲಿಲ್ಲ. ಮೈತ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಬ್ಬನೇ ನಡೆದು ಅರಮನೆಗೆ ಹೋದ, ರಾಜನನ್ನು ಎದುರಿಗೇ ಕೇಳಿದ: ಯಾವ ನಾಯಿ ತಿಂದಿತೆಂದು ನಿಮಗೆ ಗೊತ್ತೇ? ಗೊತ್ತಿಲ್ಲವಾದರೆ ಎಲ್ಲರನ್ನೂ ಕೊಲ್ಲುವುದು ಏಕೆ? ಎಲ್ಲರನ್ನೂ ಎಂದ ಮೇಲೆ ಅರಮನೆಯವನ್ನು ಬಿಟ್ಟದ್ದು ಏಕೆ? ಆಮೇಲೆ ಮಜ್ಜಿಗೆ ಮತ್ತು ದರ್ಭೆ ಹುಲ್ಲು ತರಿಸಿ, ಎರಡನ್ನೂ ಕೂಡಿಸಿ ಅರಮನೆಯ ನಾಯಿಗಳಿಗೆ ಕುಡಿಸಿದ. ಅವು ಚರ್ಮದ ತುಂಡುಗಳನ್ನು ಕಾರಿಕೊಂಡವು. ರಾಜ ತಲೆಬಾಗಿ ಎಲ್ಲ ನಾಯಿಗಳಿಗೂ ಅಭಯ ಕೊಟ್ಟ.

ಈ ಕಥೆಯಲ್ಲಿ ನಮಗೆ ಮೂರು ಪಾಠಗಳಿವೆ. ಒಂದು, ಗೋಡೆಯ ಹೊರಗಿರುವವರ ಮೇಲೆ ತಪ್ಪು ಹೊರಿಸುವುದು ಯಾವಾಗಲೂ ಸುಲಭ. ಊರಲ್ಲಿ ಏನು ಕಳೆದರೂ ಮೊದಲು ಕೇರಿಯ ಕಡೆ ನೋಡುತ್ತಿದ್ದ ಕಣ್ಣುಗಳನ್ನು ನೆನೆಯಿರಿ. ಎರಡು, ಬೋಧಿಸತ್ತ ಕೇಳಿದ್ದು ದಯೆಯನ್ನಲ್ಲ, ವಿಚಾರಣೆಯನ್ನು. ಸಾಕ್ಷಿ ತೋರಿಸಿ ನ್ಯಾಯ ಪಡೆದ. ಇದು ಸಂವಿಧಾನದ ದಾರಿ. ಮೂರು, ತನ್ನವರಿಗೆ ಅಭಯ ಸಿಕ್ಕ ಮೇಲೆ ಅರಮನೆಯ ನಾಯಿಗಳನ್ನು ಕೊಲ್ಲಿರಿ ಎಂದು ಅವನು ಹೇಳಲಿಲ್ಲ. ಮಜ್ಜಿಗೆ ಕುಡಿಸಿ ನಿಜ ಹೊರತಂದ, ಅಷ್ಟಕ್ಕೇ ನಿಲ್ಲಿಸಿದ. ಎರಡನೆಯ ಪ್ರಶ್ನೆಗೆ ಈ ಮೂರನೆಯ ಪಾಠ ಬೇಕಾಗುತ್ತದೆ.

*5. ಮೂವತ್ತು ವರ್ಷದ ಮೇಲೆ ಬಂದ ಕರೆ*

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು 1996ರಲ್ಲಿ. ನಮ್ಮ ಬ್ಯಾಚಿನ ಗುಂಪೂ ಈಚೆಗೆ ಆಯಿತು, ಗುರುವಂದನೆಯೂ ಆಯಿತು. ನಾನು ಹೋಗಿದ್ದೆ. ಗುರುಗಳ ಕಾಲು ಮುಟ್ಟಿದೆವು, ಶಾಲು ಹೊದಿಸಿದೆವು, ಒಂದೇ ಪಂಕ್ತಿಯಲ್ಲಿ ಕುಂತು ಊಟ ಮಾಡಿದೆವು. ಸಂತೋಷವಾಯಿತು ಎಂಬುದು ನಿಜ. ಆ ಸಂತೋಷದ ಜೊತೆ ಇನ್ನೊಂದೂ ಇತ್ತು.

ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯನ ಹೊಲದಲ್ಲಿ ನಮ್ಮ ಅಪ್ಪ ಕಬ್ಬು ಕಡಿಯುತ್ತಿದ್ದ. ಶನಿವಾರ ಮುಂಜಾನೆ ಶಾಲೆ ಬಿಟ್ಟ ಮೇಲೆ ನಾನು ಅವ್ವನ ಜೊತೆ ಪಗಾರಕ್ಕೆ ಅವರ ಮನೆಗೆ ಹೋಗುತ್ತಿದ್ದೆ. ಅವರ ಪಡಸಾಲೆಯಲ್ಲಿ ಒಂದು ಮುಧೋಳ ನಾಯಿ ಚಾಪೆಯ ಮೇಲೆ ಮಲಗಿರುತ್ತಿತ್ತು. ನಾವು ಕಟ್ಟೆಯ ಕೆಳಗೆ, ಬೇವಿನ ಗಿಡದ ಬುಡದಲ್ಲಿ ನಿಲ್ಲುತ್ತಿದ್ದೆವು. ದನದ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ನಮಗೆಂದೇ ಎರಡು ಕಪ್ಪು ಇರುತ್ತಿದ್ದವು. ಚಹಾ ಕುಡಿದು, ತೊಳೆದು, ಅಲ್ಲೇ ಇಡಬೇಕು. ಗೆಳೆಯ ಓಡಿಬಂದು ನನ್ನ ಜೊತೆ ಬೀಜಗಣಿತದ ಲೆಕ್ಕದ ಮಾತಾಡುತ್ತಿದ್ದ. ಆ ಕಟ್ಟಳೆ ಅವನು ಮಾಡಿದ್ದಲ್ಲ. ಅವನಿಗೂ ನನಗೂ ಆಗ ಹದಿಮೂರು ವರ್ಷ.

ಪಕ್ಕದ ವಿಜಯಪುರ ಜಿಲ್ಲೆಯ ಅರವಿಂದ ಮಾಲಗತ್ತಿಯವರ ಆತ್ಮಕಥನ 'ಗೌರ್ಮೆಂಟ್ ಬ್ರಾಹ್ಮಣ'ವನ್ನು ಎಂ.ಎ.ದಲ್ಲಿ ಓದಿದಾಗ, ಇದು ನಮ್ಮೊಬ್ಬರ ಮನೆಯ ಕಥೆಯಲ್ಲ ಎಂಬುದು ನನಗೆ ಅಕ್ಷರದಲ್ಲಿ ಸಿಕ್ಕಿತು.

ಗುರುವಂದನೆ ಆದ ತಿಂಗಳಿಗೆ ಆ ಗೆಳೆಯ ಫೋನ್ ಮಾಡಿದ. ಈಗ ಅವನು ಮುಧೋಳ ನಾಯಿಯ ಮರಿ ಸಾಕಿ ಮಾರುತ್ತಾನೆ. "ಲೇ ದೋಸ್ತ, ನಿನ್ನ ಮಗಳಿಗೆ ಒಂದು ಜಾತಿ ಮರಿ ಕೊಡ್ತೇನಿ, ರೊಕ್ಕ ಬ್ಯಾಡ" ಎಂದ. ಭಾನುವಾರ ಮನೆಗೇ ಬಂದ. ನಮ್ಮಲ್ಲಿ ಮೊದಲೇ ಒಂದು ಓಣಿಯ ನಾಯಿ ಇದೆ, ಕರಿಯಾ. ವಂದನೆ ನಡೆಯುವಾಗ ಹೊಸ್ತಿಲಿಗೆ ತಲೆ ಇಟ್ಟು ಮಲಗುತ್ತದೆ, ಮುಗಿದ ಕೂಡಲೇ ಎದ್ದು ಬಾಲ ಆಡಿಸುತ್ತದೆ. ಅವ್ವ ಮರಿಯನ್ನು ಎತ್ತಿ ನೋಡಿ, "ಇದು ಓಡೋ ನಾಯಿ. ಎಲ್ಡು ಖೋಲಿ ಮನ್ಯಾಗ ಎಲ್ಲಿ ಓಡ್ತದ? ಹೊಲ ಇದ್ದವರಿಗೆ ಕೊಡಪ್ಪಾ" ಎಂದು ತಿರುಗಿ ಅವನ ಕೈಗೇ ಕೊಟ್ಟಳು. ಅವನು ಒಪ್ಪಿದ. ನೀರು ಕೇಳಿ ಕುಡಿದ, ಕುಂತು ರೊಟ್ಟಿ ಪಲ್ಯ ಉಂಡ. ಉಣ್ಣುವಾಗ ಅವ್ವ ಕೇಳಿದಳು:

"ಆ ಗೂಡಿನ್ಯಾಗಿನ ಕಪ್ಪು ಇನ್ನೂ ಅದಾವೇನಪ್ಪಾ ನಿಮ್ಮ ಮನ್ಯಾಗ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬೆಳೆ ಕೇಳಿದ ಹಾಗೆ ಕೇಳಿದಳು. ಅವನು ತುತ್ತು ಕೆಳಗಿಟ್ಟ. ಸ್ವಲ್ಪ ಹೊತ್ತಿನ ಮೇಲೆ, "ಇಲ್ರಿ ಅವ್ವಾ. ಅಪ್ಪ ಹೋದ ಮ್ಯಾಲೆ ಕೊಟಗಿ ಕೆಡವೇವಿ. ಖರೇ ಹೇಳ್ಬೇಕಂದ್ರ, ಅದು ನನಗ ನೆನಪ ಇರಲಿಲ್ರಿ" ಎಂದ. "ನನಗ ಐತಿ" ಎಂದಳು ಅವ್ವ, ಇನ್ನೊಂದು ರೊಟ್ಟಿ ಹಾಕಿದಳು. ಹೊರಡುವಾಗ ಅವನು, "ನೀವು ನಮ್ಮ ಮನಿಗೆ ಬರಬೇಕ್ರಿ, ಪಡಸಾಲ್ಯಾಗ ಕುಂದರಬೇಕು" ಎಂದ. "ನೋಡೂಣು" ಎಂದಳು. ಅವಳು ಇನ್ನೂ ಹೋಗಿಲ್ಲ. ನಾನು ಹೋಗು ಎಂದು ಹೇಳಿಲ್ಲ. ಹೋಗುವುದೂ ಬಿಡುವುದೂ ಅವಳ ಹಕ್ಕು.

ಕಪ್ಪು ಇಟ್ಟವರಿಗೆ ಅದು ಮರೆತುಹೋಗುತ್ತದೆ. ಕುಡಿದವರಿಗೆ ನೆನಪಿರುತ್ತದೆ. ಹಳೆಯ ಸಹಪಾಠಿಗಳ ಜೊತೆ ಮತ್ತೆ ಕೂಡುವಾಗ ನಮ್ಮ ಎದುರಿಗೆ ಬರುವುದು ಈ ವ್ಯತ್ಯಾಸವೇ.

*6. ಗೆಳೆಯನನ್ನು ಅಳೆಯುವ ಬಗೆ*

ಸಿಗಾಲೋವಾದ ಸುತ್ತದಲ್ಲಿ ಭಗವಾನರು ಗೃಹಸ್ಥನಾದ ಸಿಗಾಲನಿಗೆ ಗೆಳೆತನದ ಪಾಠ ಹೇಳಿದ್ದಾರೆ. ಗೆಳೆಯನ ವೇಷದಲ್ಲಿ ಬರುವವರು ನಾಲ್ವರು: ಬರೀ ತೆಗೆದುಕೊಂಡು ಹೋಗುವವನು, ಬರೀ ಬಾಯಿಮಾತಿನವನು, ಮುಖಸ್ತುತಿ ಮಾಡುವವನು, ಕೆಟ್ಟ ಚಟಕ್ಕೆ ಜೊತೆಗಾರ. ನಿಜವಾದ ಗೆಳೆಯರೂ ನಾಲ್ವರು: ನೆರವಾಗುವವನು, ಸುಖದುಃಖದಲ್ಲಿ ಒಂದೇ ಸಮ ಇರುವವನು, ಒಳ್ಳೆಯದನ್ನು ಹೇಳಿಕೊಡುವವನು, ಅನುಕಂಪ ಇರುವವನು.

ಇವರಲ್ಲಿ ಬಾಯಿಮಾತಿನವನ ಲಕ್ಷಣವನ್ನು ನೋಡಿರಿ. ಹಿಂದಿನ ಪ್ರೀತಿಯನ್ನು ಹೇಳುತ್ತಾನೆ, ಮುಂದಿನ ಪ್ರೀತಿಯ ಆಸೆ ತೋರಿಸುತ್ತಾನೆ, ಇವತ್ತು ಕೆಲಸ ಬಿದ್ದಾಗ ತನ್ನ ತೊಂದರೆ ಹೇಳಿ ಜಾರಿಕೊಳ್ಳುತ್ತಾನೆ. ನಮ್ಮ ಬ್ಯಾಚಿನ ಗುಂಪುಗಳಿಗೆ ಇದು ಎಷ್ಟು ಸರಿಹೊಂದುತ್ತದೆ! ದಿನವೂ 'ಆ ದಿನಗಳು ಎಷ್ಟು ಚೆಂದ' ಎಂಬ ಮಾತು ಬರುತ್ತದೆ. ಎಲ್ಲ ಹಬ್ಬಕ್ಕೂ ಶುಭಾಶಯ ಬರುತ್ತದೆ. ಏಪ್ರಿಲ್ 14ರಂದು ಮಾತ್ರ ಗುಂಪು ಮೌನ. ನಾನೇ ಬಾಬಾಸಾಹೇಬರ ಚಿತ್ರ ಹಾಕಿ ಜೈ ಭೀಮ್ ಎಂದು ಬರೆದೆ. ಇಬ್ಬರು ಉತ್ತರ ಕೊಟ್ಟರು. ನಮ್ಮ ಕೇರಿಯ ಸಹಪಾಠಿಯೊಬ್ಬ ತೀರಿಕೊಂಡಾಗ ಗುಂಪಿನಲ್ಲಿ ನಲವತ್ತು ಸಂತಾಪ ಬಂದವು. ಮಣ್ಣಿಗೆ ಕೇರಿಗೆ ಬಂದವರು ಮೂವರು. ಆ ಮೂವರಲ್ಲಿ ಮರಿ ತಂದ ಗೆಳೆಯನೂ ಒಬ್ಬ. ಸುಖದುಃಖದಲ್ಲಿ ಒಂದೇ ಸಮ ಇರುವವನು ಯಾರು ಎಂಬುದು ಅವತ್ತು ತಿಳಿಯಿತು.

ಇನ್ನೊಂದು ಮಾತು. ಈ ಗುಂಪುಗಳೆಲ್ಲ ಎಸ್ಸೆಸ್ಸೆಲ್ಸಿ ಬ್ಯಾಚಿನ ಗುಂಪುಗಳು. ಒಂದನೆಯ ಇಯತ್ತೆಯಲ್ಲಿ ನಮ್ಮ ಕೇರಿಯ ಹನ್ನೊಂದು ಮಕ್ಕಳು ನನ್ನ ಜೊತೆ ಇದ್ದರು. ಹತ್ತನೆಯದಕ್ಕೆ ಬಂದವರು ಮೂವರು. ಉಳಿದ ಎಂಟು ಮಂದಿ ಕಬ್ಬಿನ ಗ್ಯಾಂಗಿಗೆ, ಇಟ್ಟಿಗೆ ಭಟ್ಟಿಗೆ, ಬೇಗನೆ ಮದುವೆಗೆ ಹೋದರು. ಅವರು ಯಾವ ಬ್ಯಾಚು? ಅವರನ್ನು ಯಾವ ಗುರುವಂದನೆಗೆ ಕರೆಯುತ್ತಾರೆ? ಈ ಮಾತನ್ನು ನಾನು ಗುಂಪಿನಲ್ಲಿ ಬರೆದೆ. ಎರಡು ದಿನ ಚರ್ಚೆ ನಡೆಯಿತು. ಕೊನೆಗೆ ಇಬ್ಬರ ನಂಬರ್ ಹುಡುಕಿ ಸೇರಿಸಿದರು. ಆರು ಮಂದಿಯನ್ನು ಹುಡುಕುವುದು ಇನ್ನೂ ಬಾಕಿ ಇದೆ.

*7. ಗೂಟ ಮತ್ತು ಹಗ್ಗ*

ಸಂಯುತ್ತ ನಿಕಾಯದಲ್ಲಿ ಭಗವಾನರು ಕೊಟ್ಟ ಒಂದು ಉಪಮೆ ಇದೆ. ಗಟ್ಟಿ ಗೂಟಕ್ಕೆ ಕಟ್ಟಿದ ನಾಯಿ ನಡೆದರೂ ಆ ಗೂಟದ ಸುತ್ತ, ನಿಂತರೂ ಅದರ ಹತ್ತಿರ, ಮಲಗಿದರೂ ಅದರ ಹತ್ತಿರ. ಹಾಗೆಯೇ ತಿಳಿವಿಲ್ಲದವನು ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಐದು ಸ್ಕಂಧಗಳ ಸುತ್ತ 'ಇದು ನಾನು, ಇದು ನನ್ನದು' ಎಂದು ಸುತ್ತುತ್ತಾನೆ.

ನಮ್ಮ ವಿಷಯಕ್ಕೆ ಇದನ್ನು ಹಚ್ಚಿ ನೋಡೋಣ. 'ನಾನು ಮೇಲು' ಎನ್ನುವುದು ಒಂದು ಗೂಟ. ಅದಕ್ಕೆ ಕಟ್ಟಿಕೊಂಡವನು ಮನೆ ಬದಲಿಸಿದರೂ, ನೌಕರಿ ಬದಲಿಸಿದರೂ ಅದನ್ನೇ ಸುತ್ತುತ್ತಾನೆ. 'ನಾನು ಕೀಳು' ಎಂದು ಒಳಗೆ ಕೂತದ್ದೂ ಒಂದು ಗೂಟ. ಹಳೆಯ ಸಹಪಾಠಿ ಕರೆದ ಕೂಡಲೇ ಕೈಕಟ್ಟಿ ನಿಲ್ಲುವುದು, ಅವನು ಮನೆಗೆ ಬಂದದ್ದೇ ದೊಡ್ಡ ಉಪಕಾರ ಎಂದು ಉಬ್ಬುವುದು ಆ ಗೂಟದ ಗುರುತು. ದೀಕ್ಷೆ ಎಂದರೆ ಆ ಹಗ್ಗ ಕಡಿದುಕೊಳ್ಳುವುದು. ವೈರವೂ ಗೂಟವೇ. ಮೂವತ್ತು ವರ್ಷ ದಿನವೂ ಅದೇ ಅವಮಾನವನ್ನು ಕಡಿಯುತ್ತಾ ಕೂತರೆ ಹೊಟ್ಟೆ ತುಂಬುವುದಿಲ್ಲ, ನಮ್ಮ ಹಲ್ಲೇ ನೋಯುತ್ತದೆ.

ಆದರೆ ನೆನಪು ಬೇರೆ, ವೈರ ಬೇರೆ. ಇದು ಇಂದಿನ ಪಾಠದ ತಿರುಳು. 'ವೀಸಾಗಾಗಿ ಕಾಯುತ್ತಾ' ಬರಹದಲ್ಲಿ ಬಾಬಾಸಾಹೇಬರು ತಮ್ಮ ಶಾಲೆಯ ಗೋಣಿತಟ್ಟನ್ನೂ, ಜವಾನ ಬರದ ದಿನ ನೀರಿಲ್ಲದೆ ಕಳೆದದ್ದನ್ನೂ, 1901ರಲ್ಲಿ ಗೋರೆಗಾಂವ್‌ಗೆ ಹೋಗುವಾಗ ಬಂಡಿಯಲ್ಲಿ ಬಾಯಾರಿದ್ದನ್ನೂ ಒಂದೊಂದಾಗಿ ಬರೆದಿಟ್ಟರು. ಅದು ಸಾಕ್ಷಿ ಹೇಳುವ ನೆನಪು. ಮರೆತುಬಿಡಿ, ಹಳೆಯದನ್ನು ಕೆದಕಬೇಡಿ ಎನ್ನುವವರು ಗೆಳೆತನ ಕೇಳುತ್ತಿಲ್ಲ, ಮೌನ ಕೇಳುತ್ತಿದ್ದಾರೆ. ನಮ್ಮ ಅವ್ವ ರೊಟ್ಟಿಯನ್ನೂ ಹಾಕಿದಳು, ಪ್ರಶ್ನೆಯನ್ನೂ ಕೇಳಿದಳು. ಜಾತಕದ ಸುಡುಗಾಡು ನಾಯಿ ಮಜ್ಜಿಗೆ ಕುಡಿಸಿದ್ದೂ ಹೀಗೆಯೇ. ನಿಜ ಹೊರಗೆ ಬಂದ ಮೇಲೆ ಮನಸ್ಸು ಹಗುರವಾಗುತ್ತದೆ, ಗೆಳೆತನಕ್ಕೆ ಜಾಗ ಆಗುತ್ತದೆ.

ಆದ್ದರಿಂದ ಮಿತ್ರರ ಪ್ರಶ್ನೆಗೆ ನನ್ನ ಉತ್ತರ: ಮನಸ್ಸಿದ್ದರೆ ಹೋಗಿರಿ. ಸಮಾನರಾಗಿ ಹೋಗಿರಿ. ಒಂದು ನಮಸ್ಕಾರಕ್ಕೆ ಒಂದು ಜೈ ಭೀಮ್ ಹೇಳಿರಿ. ಮನಸ್ಸು ಇನ್ನೂ ನೋಯುತ್ತಿದ್ದರೆ ಹೋಗಬೇಡಿರಿ, ಅದರಲ್ಲಿ ಯಾವ ಶೀಲವೂ ಮುರಿಯುವುದಿಲ್ಲ.

*8. ಕರುಣೆಯಿಂದ ಮೈತ್ರಿಗೆ*

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಕರುಣೆ ಮತ್ತು ಮೈತ್ರಿಯ ನಡುವೆ ಒಂದು ವ್ಯತ್ಯಾಸ ಮಾಡಿದ್ದಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಮೈತ್ರಿ ಅದನ್ನೂ ದಾಟಿ ಎಲ್ಲ ಜೀವಿಗಳ ಮೇಲಿನ ಪ್ರೀತಿ. ನಾವು ಪಠಿಸುವ ಖಂಧ ಪರಿತ್ತದಲ್ಲೂ ಕಾಲಿಲ್ಲದವು, ಎರಡು ಕಾಲಿನವು, ನಾಲ್ಕು ಕಾಲಿನವು, ಬಹಳ ಕಾಲಿನವು ಎಂದು ಎಲ್ಲರಿಗೂ ಮೈತ್ರಿ ಹರಡುತ್ತೇವೆ. 1954ರ ಅಕ್ಟೋಬರ್ 3ರ ಆಕಾಶವಾಣಿ ಭಾಷಣದಲ್ಲಿ ಬಾಬಾಸಾಹೇಬರು ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವವನ್ನು ತಾವು ಪಡೆದದ್ದು ತಮ್ಮ ಗುರುವಾದ ಬುದ್ಧನಿಂದ, ಫ್ರೆಂಚ್ ಕ್ರಾಂತಿಯಿಂದಲ್ಲ ಎಂದು ಸ್ಪಷ್ಟಪಡಿಸಿದರು. ಆ ಭ್ರಾತೃತ್ವದ ಇನ್ನೊಂದು ಹೆಸರೇ ಮೈತ್ರಿ.

ನಾಯಿಯನ್ನು ಪಡಸಾಲೆಗೆ ಬಿಟ್ಟು ಮನುಷ್ಯನನ್ನು ಅಂಗಳದಲ್ಲಿ ನಿಲ್ಲಿಸಿದ್ದು ಮೈತ್ರಿಯಲ್ಲ. ಮನುಷ್ಯ ಒಳಗೆ ಬಂದ ಮೇಲೆ ನಾಯಿಗೆ ಕಲ್ಲು ಹೊಡೆಯುವುದೂ ಮೈತ್ರಿಯಲ್ಲ. ಇಬ್ಬರಿಗೂ ಜಾಗ ಮಾಡುವುದು ಮೈತ್ರಿ.

*ಈ ವಾರದ ಅಭ್ಯಾಸ*

1. ಬಿಸಿಲು ಹೆಚ್ಚಾಗಿದೆ. ಮನೆಯ ಮುಂದೆ ಒಂದು ಬೋಗುಣಿ ನೀರು ಇಡಿರಿ, ದಿನವೂ ತೊಳೆದು ತುಂಬಿರಿ.

2. ಸಾಕಿದ ನಾಯಿಗೂ, ಓಣಿಯ ನಾಯಿಗೂ ಹುಚ್ಚು ನಾಯಿ ರೋಗದ ಲಸಿಕೆ ಹಾಕಿಸಲು ಪಶು ಆಸ್ಪತ್ರೆಯಲ್ಲಿ ಕೇಳಿರಿ. ಯಾರಿಗಾದರೂ ನಾಯಿ ಕಚ್ಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿರಿ. ಅರಿಸಿನ, ಖಾರದ ಪುಡಿ, ಮಂತ್ರ ಬೇಡ.

3. ಮನುಷ್ಯರನ್ನು ಬೈಯಲು 'ನಾಯಿ', 'ಕಂತ್ರಿ' ಎಂಬ ಮಾತು ಬಳಸಬೇಡಿರಿ. ಸಮ್ಯಕ್ ವಾಚಾ ಇಲ್ಲಿಂದಲೂ ಆರಂಭವಾಗುತ್ತದೆ.

4. ನಿಮ್ಮ ಜೊತೆ ಓದಿ, ನಡುವೆ ಶಾಲೆ ಬಿಟ್ಟ ಒಬ್ಬರನ್ನು ಹುಡುಕಿ ಫೋನ್ ಮಾಡಿರಿ. ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂದು ಕೇಳಿರಿ. ಹೋಗದಿದ್ದರೆ ನಮ್ಮ ಕೇಂದ್ರಕ್ಕೆ ತಿಳಿಸಿರಿ.

*ಭಾನುವಾರದ ಚರ್ಚೆಗೆ:* ನೆನಪನ್ನು ವೈರವಾಗದಂತೆ ಇಟ್ಟುಕೊಳ್ಳುವುದು ಹೇಗೆ? ನಿಮ್ಮ ಮನೆಯ ಹಿರಿಯರ ಒಂದು ಅನುಭವ ಕೇಳಿಕೊಂಡು ಬನ್ನಿರಿ.

ಸಬ್ಬೇ ಸತ್ತಾ ಸುಖೀ ಹೋಂತು. ಎಲ್ಲ ಜೀವಿಗಳೂ ಸುಖವಾಗಿರಲಿ.

ನಮೋ ಬುದ್ಧಾಯ. ಜೈ ಭೀಮ್.